ಐದು ಶಾಲೆ ದಾಟಿ ಹೋದ ಹುಡುಗಿಯ ಬೀದಿಯಲ್ಲಿ

ಬಾಸ್ಟನ್‌ಗೆ ಹೋದವರೆಲ್ಲ ಸ್ವಾತಂತ್ರ್ಯ ಹೋರಾಟದ ಜಾಗಗಳನ್ನು ಸುತ್ತಿಸುವ ಫ್ರೀಡಂ ಟ್ರೇಲ್ ನಡೆಯುತ್ತಾರೆ. ನೆಲದ ಮೇಲೆ ಕೆಂಪು ಗೆರೆ ಇದೆ, ಅದನ್ನು ಹಿಡಿದು ಹೋದರೆ ಆಯ್ತು. ನಾನು ಹೋಗಿದ್ದು ಪಕ್ಕದ, ಕಪ್ಪು ಜನರ ಇತಿಹಾಸದ ಜಾಗಗಳನ್ನು ಜೋಡಿಸುವ ಬ್ಲ್ಯಾಕ್ ಹೆರಿಟೇಜ್ ಟ್ರೇಲ್‌ಗೆ.

ಪಾರ್ಕ್ ಸ್ಟ್ರೀಟ್ ಸ್ಟೇಷನ್‌ನಲ್ಲಿ ಇಳಿದು ಸ್ವಲ್ಪ ಮೇಲಕ್ಕೆ ಹತ್ತಿದರೆ ಸ್ಟೇಟ್ ಹೌಸ್ ಎದುರು ಕಂಚಿನ ದೊಡ್ಡ ಸ್ಮಾರಕ. ಅಂತರ್ಯುದ್ಧದಲ್ಲಿ ಹೋರಾಡಿದ 54ನೇ ರೆಜಿಮೆಂಟಿನ ಕಪ್ಪು ಸೈನಿಕರು, ಕುದುರೆಯ ಮೇಲೆ ಅವರ ಬಿಳಿ ಕರ್ನಲ್ ರಾಬರ್ಟ್ ಗೌಲ್ಡ್ ಷಾ. ಮುಂದೆ ಇನ್ನೊಬ್ಬ ಷಾ ಬರುತ್ತಾರೆ. ಅವರ ದಾರಿಯೇ ಬೇರೆ.

ಅಲ್ಲಿಂದ ಬೀಕನ್ ಹಿಲ್‌ನ ಆ ಬದಿಗೆ ಇಳಿಯಬೇಕು. ಇಟ್ಟಿಗೆ ಹಾಸಿದ ಕಾಲುದಾರಿ, ಗ್ಯಾಸ್ ದೀಪಗಳು. ಈಗ ಇಲ್ಲಿ ಮನೆ ಕೊಳ್ಳೋದು ಸಿರಿವಂತರಿಗೆ ಮಾತ್ರ ಸಾಧ್ಯ. 19ನೇ ಶತಮಾನದಲ್ಲಿ ಇದು ಕಪ್ಪು ಜನರ ಕೇರಿ. ಜಾಯ್ ಸ್ಟ್ರೀಟಿನಲ್ಲಿ 1806ರ ಆಫ್ರಿಕನ್ ಮೀಟಿಂಗ್ ಹೌಸ್, ಅದಕ್ಕೆ ಅಂಟಿಕೊಂಡಂತೆ ಕಪ್ಪು ಮಕ್ಕಳಿಗೆಂದೇ ಕಟ್ಟಿದ 1835ರ ಏಬಿಯಲ್ ಸ್ಮಿತ್ ಶಾಲೆ. ಎರಡೂ ಈಗ ಮ್ಯೂಸಿಯಂ.

ಸ್ಮಿತ್ ಶಾಲೆ ಕಟ್ಟುವ ಮೊದಲು ಪಾಠ ನಡೆಯುತ್ತಿದ್ದದ್ದು ಮೀಟಿಂಗ್ ಹೌಸಿನ ನೆಲಮಾಳಿಗೆಯಲ್ಲಿ. ವಿಲಿಯಂ ಕೂಪರ್ ನೆಲ್ ಎಂಬ ಕಪ್ಪು ಹುಡುಗ ಓದಿದ್ದು ಅಲ್ಲೇ. 1829ರಲ್ಲಿ ಅವನಿಗೆ ಚೆನ್ನಾಗಿ ಓದುವ ಮಕ್ಕಳಿಗೆ ಕೊಡುವ ಫ್ರಾಂಕ್ಲಿನ್ ಪದಕ ಸಿಗಬೇಕಿತ್ತು. ಬಿಳಿ ಮಕ್ಕಳಿಗೆ ಪದಕ, ಜೊತೆಗೆ ಫ್ಯಾನ್ಯೂಲ್ ಹಾಲ್‌ನಲ್ಲಿ ಔತಣ. ಇವನಿಗೆ ಸಿಕ್ಕಿದ್ದು ಫ್ರಾಂಕ್ಲಿನ್ನರ ಜೀವನಚರಿತ್ರೆ. ಹುಡುಗ ಸುಮ್ನೆ ಕೂರಲಿಲ್ಲ. ಬಡಿಸುವವನೊಬ್ಬನನ್ನು ಒಪ್ಪಿಸಿ, ಅದೇ ಔತಣದಲ್ಲಿ ಬಡಿಸೋಕೆ ಹೋದ! ಮುಂದೆ ಸ್ಮಿತ್ ಶಾಲೆಗೆ ಮಕ್ಕಳನ್ನು ಕಳಿಸಬೇಡಿ ಎಂಬ ಚಳವಳಿಗೆ ಮುಂದಾಳಾದವನೂ ಇವನೇ. ನನಗಂತೂ ಈ ಇಡೀ ಕಥೆಯಲ್ಲಿ ಜಾಸ್ತಿ ಇಷ್ಟವಾದ ವ್ಯಕ್ತಿ.

ಇನ್ನು ಸಾರಾ ರಾಬರ್ಟ್ಸ್. ಐದು ವರ್ಷದ ಮಗು, ಐದು ಬಿಳಿ ಶಾಲೆಗಳನ್ನು ದಾಟಿ ಸ್ಮಿತ್ ಶಾಲೆಗೆ ನಡೆಯಬೇಕಿತ್ತು. ಅಪ್ಪ ಬೆಂಜಮಿನ್ ಮುದ್ರಣದ ಕೆಲಸದವರು. ಅವರು ನಗರದ ಮೇಲೆ ಕೇಸು ಹಾಕಿದರು. ಮಗುವಿನ ಪರ ನಿಂತವರು ದೇಶದ ಮೊದಲ ಕಪ್ಪು ವಕೀಲರಲ್ಲಿ ಒಬ್ಬರಾದ ರಾಬರ್ಟ್ ಮಾರಿಸ್, ಜೊತೆಗೆ ಬಿಳಿ ವಕೀಲ ಚಾರ್ಲ್ಸ್ ಸಮ್ನರ್. ಕಾನೂನಿನ ಮುಂದೆ ಎಲ್ಲರೂ ಸಮಾನರು, ಬೇರೆ ಕೂರಿಸಿದರೆ ಎರಡೂ ಕಡೆಯ ಮಕ್ಕಳು ಕೆಡುತ್ತಾರೆ ಎಂದು 1849ರಲ್ಲಿ ಸಮ್ನರ್ ವಾದಿಸಿದರು. ರಾಜ್ಯದ ಮುಖ್ಯ ನ್ಯಾಯಾಧೀಶ ಲೆಮ್ಯುಯೆಲ್ ಷಾ ಒಪ್ಪಲಿಲ್ಲ. ಪೂರ್ವಗ್ರಹವನ್ನು ಹುಟ್ಟಿಸಿದ್ದು ಕಾನೂನಲ್ಲ, ಬಹುಶಃ ಕಾನೂನಿನಿಂದ ಅದು ಹೋಗೋದೂ ಇಲ್ಲ ಎಂದರು. 1850ರಲ್ಲಿ ಕೇಸು ಬಿದ್ದುಹೋಯಿತು.

ಪ್ರತ್ಯೇಕ ಶಾಲೆ ಅಂದರೆ ದಕ್ಷಿಣದ ರಾಜ್ಯಗಳ ಕಾಯಿಲೆ ಅಂದುಕೊಳ್ಳುತ್ತೇವೆ, ಅಲ್ವಾ? ರೈಲಿನಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವ ಬಗ್ಗೆ 1896ರಲ್ಲಿ ಬಂದ ಪ್ಲೆಸ್ಸಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ‘ಬೇರೆ ಇದ್ದರೂ ಸಮಾನ’ ಎಂಬ ವಾದಕ್ಕೆ ಆಸರೆ ತೆಗೆದುಕೊಂಡದ್ದು ಬಾಸ್ಟನ್ನಿನ ಈ ತೀರ್ಪಿನಿಂದಲೇ. ಸ್ವಾತಂತ್ರ್ಯದ ತೊಟ್ಟಿಲು ಅಂತ ಊರೆಲ್ಲ ಬೋರ್ಡು ಹಾಕಿಕೊಂಡವರು ಇದನ್ನೂ ಅಷ್ಟೇ ದೊಡ್ಡದಾಗಿ ಬರೆಯಬೇಕಿತ್ತು. ಸುಪ್ರೀಂ ಕೋರ್ಟೇ ತಳ್ಳಿಹಾಕಿದ 1954ರವರೆಗೂ ಶಾಲೆಗಳಲ್ಲಿ ‘ಬೇರೆ ಇದ್ದರೂ ಸಮಾನ’ ಎಂಬ ಮಾತೇ ನಡೆಯಿತು.

ಕೋರ್ಟಿನಲ್ಲಿ ಸೋತವರು ಶಾಸನಸಭೆಗೆ ಹೋದರು. ಅರ್ಜಿ ಮೇಲೆ ಅರ್ಜಿ. 1855ರಲ್ಲಿ ಮ್ಯಾಸಚೂಸೆಟ್ಸ್ ಪ್ರತ್ಯೇಕ ಶಾಲೆಗಳನ್ನು ನಿಷೇಧಿಸಿತು. ಶಾಲೆಗಳು ಶುರುವಾಗುವ ಹಿಂದಿನ ದಿನ ಹುಡುಗನೊಬ್ಬ ಸ್ಮಿತ್ ಶಾಲೆಯ ಮುಂದೆ ಕೈಯೆತ್ತಿ ಅದಕ್ಕೆ ವಿದಾಯ ಕೂಗಿದ್ದನ್ನು, ನಾಳೆಯಿಂದ ನಾವೂ ಬಾಸ್ಟನ್ನಿನ ಬೇರೆ ಹುಡುಗರ ಹಾಗೇ ಅಂದದ್ದನ್ನು ನೆಲ್ ತನ್ನ ಕಿಟಕಿಯಿಂದ ನೋಡಿದ್ದ.

ಹಾಗೆ ಕಪ್ಪು ಮಕ್ಕಳನ್ನು ಸೇರಿಸಿಕೊಂಡ ಮೊದಲ ಶಾಲೆಗಳಲ್ಲಿ ಒಂದಾದ ಫಿಲಿಪ್ಸ್ ಶಾಲೆ ಪಿಂಕ್ನಿ ಸ್ಟ್ರೀಟಿನ ಮೂಲೆಯಲ್ಲಿದೆ. ಹೊರಗಿನಿಂದ ನೋಡಿಕೊಂಡು ಬರಬೇಕಷ್ಟೆ. ಕಥೆ ಅಲ್ಲಿಗೆ ಮುಗಿಯಲೂ ಇಲ್ಲ. 1974ರಲ್ಲಿ ಕೋರ್ಟಿನ ಆದೇಶದಂತೆ ಕಪ್ಪು ಮಕ್ಕಳನ್ನು ಬಿಳಿಯರ ಕೇರಿಯ ಶಾಲೆಗಳಿಗೆ ಕರೆದೊಯ್ದ ಬಸ್ಸುಗಳಿಗೆ ಇದೇ ಊರಿನಲ್ಲಿ ಕಲ್ಲು ಬಿತ್ತು. ಅದನ್ನು ತಿಳಿಯೋಕೆ ಈ ಗುಡ್ಡ ಸಾಲದು, ಸೌತ್ ಬಾಸ್ಟನ್‌ಗೆ ಹೋಗಬೇಕು.