ಆ ಸಭೆಯಲ್ಲಿ ಊರಿನವರು ಸಿಕ್ಕಿದರೆ?

ಕುಡಿತ ಬಿಡಬೇಕೆನ್ನುವವರು ಸೇರಿ ತಮ್ಮ ಅನುಭವ ಹೇಳಿಕೊಳ್ಳುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಹೋಗಿ ನಾನು ಕುಡಿತ ಬಿಟ್ಟು ಒಂಬತ್ತು ವರ್ಷವಾಯಿತೆಂದು ತಿಳಿದ ಮುಂಬಯಿಯ ನಮ್ಮವರು, ಅದರಲ್ಲೂ ಹೋಟೆಲ್ ಕೆಲಸದಲ್ಲಿರುವವರು, ದನಿ ತಗ್ಗಿಸಿ ಕೇಳುವ ಪ್ರಶ್ನೆ ಒಂದೇ: "ಅಲ್ಲಿಗೆ ಹೋದಾಗ ಊರಿನವರು ಯಾರಾದರೂ ಸಿಕ್ಕಿಬಿಟ್ಟರೆ ಏನು ಮಾಡುವುದು?" ಸಭೆ ಎಲ್ಲಿ, ಎಷ್ಟು ಹೊತ್ತಿಗೆ ಎಂಬುದೆಲ್ಲ ಆಮೇಲಿನ ಮಾತು. ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಾಟುಂಗಾದಲ್ಲಿ ಆಡಿದ ಮಾತು ಮರುದಿನ ಕುಂದಾಪುರದ ಮನೆಯ ಜಗಲಿಗೆ ತಲುಪುತ್ತದೆ. ತಂಗಿಗೆ ಗಂಡು ನೋಡುತ್ತಿರುವ ಮನೆಯಾದರೆ ಅದರ ಪೆಟ್ಟು ಯಾರ ಮೇಲೆ ಬೀಳುತ್ತದೆಂದು ಹೇಳಬೇಕಾಗಿಲ್ಲ. ಇದೇ ಭಯದಲ್ಲಿ ನಾನು ಎರಡು ವರ್ಷ ಕಳೆದೆ.

ನನಗೆ ಊರಿನವರು ಸಿಕ್ಕಿದ್ದರು, ಅದೂ ಮೂರನೆಯ ಸಭೆಯಲ್ಲೇ. ಅದು ಮುನ್ಸಿಪಲ್ ಶಾಲೆಯ ಒಂದು ಕೋಣೆ. ಒಂದನೆಯ ತರಗತಿಯ ಮಕ್ಕಳ ಬೆಂಚುಗಳಾದ್ದರಿಂದ ಕೂತರೆ ಮೊಣಕಾಲು ಎದೆಗೆ ತಾಗುತ್ತಿತ್ತು. ಒಳಗೆ ಕಾಲಿಟ್ಟಾಗ, ಹಿಂದೆ ನಮ್ಮ ಹೋಟೆಲಿನಲ್ಲಿ ಅಡುಗೆ ಭಟ್ಟರಾಗಿದ್ದವರು ಎದುರಿಗೇ ಕೂತಿದ್ದರು. ನನಗೆ ಬೆವರು ಕಿತ್ತುಕೊಂಡು ಬಂತು. ಅವರು ಸ್ವಲ್ಪ ಸರಿದು ಜಾಗ ಮಾಡಿ, "ಬನ್ನಿ, ಇಲ್ಲಿ ಫ್ಯಾನಿನ ಗಾಳಿ ಬರುತ್ತದೆ" ಎಂದರು, ಅಷ್ಟೆ. ಎಂದಿನಿಂದ, ಏಕೆ, ಮನೆಯಲ್ಲಿ ಗೊತ್ತೇ ಎಂದು ಒಂದನ್ನೂ ಕೇಳಲಿಲ್ಲ. ಕೆಲವು ವಾರಗಳ ನಂತರ ದಾದರ್ ಸ್ಟೇಷನ್ನಿನಲ್ಲಿ ಅವರು ಹೆಂಡತಿಯೊಂದಿಗೆ ಎದುರಾದಾಗ, "ಸೌಖ್ಯವಾ?" ಎಂದು ಹಳೆಯ ಪರಿಚಯದವರನ್ನು ಮಾತನಾಡಿಸುವಂತೆಯೇ ಮಾತನಾಡಿಸಿ ಮುಂದೆ ಹೋದರು. ನನ್ನ ಗುಟ್ಟು ಅವರಲ್ಲಿತ್ತು, ಅವರದು ನನ್ನಲ್ಲಿತ್ತು. ಇಂದಿಗೂ ಹಾಗೆಯೇ ಇದೆ.

ಇದು ಆ ಭಟ್ಟರ ಒಳ್ಳೆಯತನ ಮಾತ್ರವಲ್ಲ, ಆ ಕೂಟದ ಕಟ್ಟುಪಾಡೂ ಹೌದು. ಆಲ್ಕೊಹಾಲಿಕ್ಸ್ ಅನಾನಿಮಸ್, ನಾವು ಎ.ಎ. ಎನ್ನುವ ಕೂಟದ ಹೆಸರಿನಲ್ಲೇ 'ಹೆಸರು ಹೇಳದವರು' ಎಂಬ ಅರ್ಥವಿದೆ. ಹಾಜರಿ ಪುಸ್ತಕವಿಲ್ಲ, ಮನೆತನದ ಹೆಸರು ಕೇಳುವವರಿಲ್ಲ, ಶುಲ್ಕವಿಲ್ಲ. ಕೊನೆಯಲ್ಲಿ ಸುತ್ತಿ ಬರುವ ಡಬ್ಬಿಗೆ ಸದಸ್ಯರು ಕೈಲಾದಷ್ಟು ಹಾಕುತ್ತಾರೆ, ಹೊರಗಿನವರಿಂದ ದೇಣಿಗೆ ತೆಗೆದುಕೊಳ್ಳುವುದಿಲ್ಲ. ಸೇರಲು ಬೇಕಾದದ್ದು ಕುಡಿತ ಬಿಡಬೇಕೆಂಬ ಇಚ್ಛೆ ಒಂದೇ. ನಾನು ಇಲ್ಲಿ ಹೆಸರು ಹಾಕದೆ ಬರೆಯುತ್ತಿರುವುದೂ ಅದೇ ಪರಂಪರೆಯಿಂದ.

ಬರೀ ಮಾತನಾಡಿದರೆ ಕುಡಿತ ಬಿಟ್ಟೀತೇ ಎಂದು ನಾನೂ ಕೇಳಿದವನೇ. 1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ಎಂಬ ಊರಿಗೆ ವ್ಯವಹಾರಕ್ಕೆ ಹೋಗಿದ್ದ ಬಿಲ್ ವಿಲ್ಸನ್, ಹೋಟೆಲಿನ ಬಾರಿನ ಕಡೆಗೆ ಮನಸ್ಸು ಎಳೆಯುತ್ತಿದ್ದಾಗ, ತನ್ನಂತೆಯೇ ಕುಡಿತದಿಂದ ನರಳುತ್ತಿರುವ ಇನ್ನೊಬ್ಬರನ್ನು ಹುಡುಕಲು ಅಲ್ಲಿಂದಲೇ ಚರ್ಚುಗಳಿಗೆ ಫೋನ್ ಮಾಡಿದ. ಹಾಗೆ ಸಿಕ್ಕಿದವರು ಡಾಕ್ಟರ್ ಬಾಬ್ ಸ್ಮಿತ್; ಅವರಿಬ್ಬರ ಮಾತಿನಿಂದಲೇ ಎ.ಎ. ಹುಟ್ಟಿತು. ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2020ರಲ್ಲಿ ಕೊಟ್ಟ ವರದಿಯೂ, ಕುಡಿಯದೆ ಉಳಿಯುವ ವಿಷಯದಲ್ಲಿ, ರೋಗಿಯನ್ನು ಕ್ರಮಬದ್ಧವಾಗಿ ಎ.ಎ.ಯೊಂದಿಗೆ ಜೋಡಿಸುವ ಚಿಕಿತ್ಸೆ ಬೇರೆ ಮಾನಸಿಕ ಚಿಕಿತ್ಸೆಗಳಿಗಿಂತ ಹೆಚ್ಚು ಫಲ ನೀಡುತ್ತದೆ ಎಂದು ಹೇಳಿದೆ. ಆದರೂ ಸಭೆಗೆ ಹೋಗತೊಡಗಿದ ನಾಲ್ಕು ತಿಂಗಳ ನಂತರ ನಾನು ಮತ್ತೆ ಕುಡಿದೆ. ಮರಳಿ ಹೋದ ದಿನ ಯಾರೂ ಬುದ್ಧಿ ಹೇಳಲಿಲ್ಲ. ಎಂದಿನಂತೆ ಚಹಾ ಕೊಟ್ಟರು.

ಭಾಷೆಯ ತೊಡಕು ನಿಜವಾಗಿಯೂ ಇದೆ. ನಾನು ಹೋಗುತ್ತಿದ್ದಲ್ಲಿ ಹಿಂದಿ ಮತ್ತು ಮರಾಠಿ ನಡೆಯುತ್ತಿತ್ತು. ಗಿರಾಕಿಗೆ ಬಿಲ್ ಹೇಳುವಷ್ಟು ಹಿಂದಿ ನನಗಿತ್ತೇ ಹೊರತು, ಅಮ್ಮನ ಶ್ರಾದ್ಧದ ದಿನ ಕುಡಿದು ಬಂದದ್ದನ್ನು ಹೇಳುವಷ್ಟು ಹಿಂದಿ ಇರಲಿಲ್ಲ. ಒಮ್ಮೆ ನಡುವೆಯೇ ತಡವರಿಸಿ ನಿಂತಾಗ, ಸಭೆ ನಡೆಸುತ್ತಿದ್ದ ಮರಾಠಿ ಹಿರಿಯರು "ನಿಮ್ಮ ಭಾಷೆಯಲ್ಲೇ ಹೇಳಿ" ಎಂದರು. ಕನ್ನಡದಲ್ಲಿ ಹತ್ತು ನಿಮಿಷ ಮಾತನಾಡಿದೆ. ಅರ್ಥವಾದದ್ದು ಭಟ್ಟರೊಬ್ಬರಿಗೆ, ಆದರೂ ಉಳಿದ ಹದಿನೈದು ಮಂದಿ ಒಬ್ಬರೂ ಕದಲದೆ ಕೇಳಿದರು.

ಇನ್ನು ಹುಡುಕುವ ಬಗೆ. ಎ.ಎ.ಯ ಭಾರತದ ಕೇಂದ್ರ ಕಚೇರಿ ಮುಂಬಯಿಯಲ್ಲೇ ಇದೆ. ಅದರ ಜಾಲತಾಣ ನೋಡಿ ಅಥವಾ ಸಹಾಯವಾಣಿಗೆ ಫೋನ್ ಮಾಡಿ, ನೀವಿರುವ ಬಡಾವಣೆಯನ್ನೂ ನಿಮಗೆ ಬರುವ ಭಾಷೆಯನ್ನೂ ತಿಳಿಸಿ. ಗೋವಾದಲ್ಲಿರುವವರು ಕೊಂಕಣಿ ಸಭೆಯನ್ನೂ ವಿಚಾರಿಸಬಹುದು. ಮನೆಯ ಹತ್ತಿರ ಬೇಡವೆನಿಸಿದರೆ ನಾಲ್ಕು ಸ್ಟೇಷನ್ ಆಚೆಗೆ ಹೋಗಿ, ಅದರಲ್ಲಿ ನಾಚಿಕೆಯೇನೂ ಇಲ್ಲ. 'ಓಪನ್' ಸಭೆಗೆ ಯಾರೂ ಬರಬಹುದು, 'ಕ್ಲೋಸ್ಡ್' ಸಭೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಮನೆಯವರಿಗೆ ಅಲ್-ಅನಾನ್ ಎಂಬ ಬೇರೆಯೇ ಕೂಟವಿದೆ. ಗಂಡ ಬಾರದಿದ್ದರೂ ಹೆಂಡತಿ ಅಲ್ಲಿಗೆ ಹೋಗಬಹುದು, ಹೋಗಬೇಕೆಂದೇ ನನ್ನ ಅಭಿಪ್ರಾಯ.

ಒಂದು ಮಾತನ್ನು ಮಾತ್ರ ಕೈಮುಗಿದು ಹೇಳುತ್ತೇನೆ. ದಿನವೂ ಬೆಳಗ್ಗೆಯಿಂದಲೇ ಕುಡಿಯುವವರು, ಕುಡಿಯದಿದ್ದರೆ ಕೈ ನಡುಗುವವರು, ಸಭೆಯ ಹುರುಪಿನಲ್ಲಿ ಒಮ್ಮೆಲೇ ನಿಲ್ಲಿಸಬೇಡಿ. ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು, ಜೀವಕ್ಕೂ ಅಪಾಯವಾಗಬಹುದು. ಮೊದಲು ವೈದ್ಯರನ್ನು ಕಾಣಿ. ಸರಕಾರದ ಉಚಿತ ಸಹಾಯವಾಣಿ 14446ಕ್ಕೆ ಫೋನ್ ಮಾಡಿ. ಪುಣೆಯವರಿಗೆ ಅನಿಲ್ ಮತ್ತು ಅನಿತಾ ಅವಚಟ ದಂಪತಿ 1986ರಲ್ಲಿ ಆರಂಭಿಸಿದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರವಿದೆ.

ಮೊದಲ ದಿನ ಹತ್ತು ನಿಮಿಷ ಮುಂಚೆ ಹೋಗಿ. ಮಾತನಾಡಲೇಬೇಕೆಂದೇನೂ ಇಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದಿದ್ದರೆ ಚಹಾ ಹಂಚುವವರ ಪಕ್ಕ ನಿಂತು ಲೋಟ ಜೋಡಿಸಿ. ನಾನು ಮೊದಲ ಒಂದು ತಿಂಗಳು ಮಾಡಿದ್ದು ಅದನ್ನೇ.