ಹಿಡಿಯ ಒಳಗಿನ ನಂಬರು

ಸೆಪ್ಟೆಂಬರ್ 30, 2025, ಮಂಗಳವಾರ ರಾತ್ರಿ

ಇಲ್ಲಿ ಒಹಾಯೋದಲ್ಲಿ ರಾತ್ರಿ ಒಂಬತ್ತೂವರೆ. ಹಾಸನದಲ್ಲಿ ಆಗಲೇ ಬುಧವಾರ ಬೆಳಿಗ್ಗೆ ಏಳು, ಆಯುಧಪೂಜೆ. ಅಪ್ಪ ಸ್ಕೂಟರ್ ತೊಳೆಯುವ ಹೊತ್ತು ಅಂತ ಗೊತ್ತಿದ್ದೇ ಫೋನ್ ಮಾಡಿದ್ದು.

ಅದಕ್ಕೂ ಮೊದಲು ಬೇಸ್‌ಮೆಂಟಿನಲ್ಲಿ ಒಂದು ಗಂಟೆ ಕೂತಿದ್ದೆ. ಮೇ ತಿಂಗಳಲ್ಲಿ ತಂದ ರಿವಾಲ್ವರ್ ಇದೆಯಲ್ಲ, ಸ್ಮಿತ್ ಅಂಡ್ ವೆಸನ್ ಮಾಡೆಲ್ 10, ಅದರ ಮರದ ಹಿಡಿಯನ್ನು ಇವತ್ತು ಮತ್ತೆ ಬಿಚ್ಚಿದೆ. ನಡುವೆ ಏಕೆ ಮುಟ್ಟಲಿಲ್ಲ ಅಂದ್ರೆ ಆಗಸ್ಟ್‌ನ ಅವಾಂತರ. ರಿವಾಲ್ವರಿನ ಪಕ್ಕದ ಮುಚ್ಚಳ ತೆಗೆಯೋದು ಹೇಗೆ ಅಂತ ಚೆನ್ನಾಗಿ ಓದಿಕೊಂಡಿದ್ದೆ. ಮೀಟಿ ಎಬ್ಬಿಸಬಾರದು, ಸುತ್ತಿಗೆಯ ಮರದ ಕಾವಿನಿಂದ ಹಿಡಿಯ ಚೌಕಟ್ಟಿಗೆ ಮೆಲ್ಲಗೆ ತಟ್ಟುತ್ತಾ ಹೋದರೆ ತಾನಾಗೇ ಏಳುತ್ತೆ. ಎದ್ದಿತು. ಸ್ಕ್ರೂಗಳನ್ನೂ ಅವು ಇದ್ದ ಜಾಗದ ಕ್ರಮದಲ್ಲೇ ಜೋಡಿಸಿಟ್ಟಿದ್ದೆ. ಆದರೆ ಟ್ರಿಗರ್ ವಾಪಸ್ ತಳ್ಳುವ ಸ್ಪ್ರಿಂಗ್ ಚಂಗನೆ ಹಾರಿ ಹೋಯಿತು. ನಲವತ್ತು ನಿಮಿಷ ಟಾರ್ಚ್ ಹಿಡಿದು ವಾಷಿಂಗ್ ಮಷೀನ್ ಕೆಳಗೆ ಹೊಟ್ಟೆ ಮೇಲೆ ಮಲಗಿದ್ದೆ. ಪುಟ್ಟಿ ಬಂದು, ‘ಅಪ್ಪಾ, ಜಿರಳೆನಾ?’ ಅಂದಳು.

ಹಿಡಿಗೆ ಅಷ್ಟೆಲ್ಲ ಕಷ್ಟ ಇಲ್ಲ. ಒಂದೇ ಸ್ಕ್ರೂ. ಆದರೆ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು, ಅಡುಗೆಮನೆ ಡ್ರಾಯರಿನದ್ದಲ್ಲ. ಸಿಲಿಂಡರ್ ಖಾಲಿ ಇದೆ ಅಂತ ಎರಡು ಸಲ ನೋಡಿದೆ, ಬೆರಳು ಹಾಕಿಯೂ ನೋಡಿದೆ. ಹಿಡಿಯ ಬಲಗಡೆಯ ಹಲಗೆ ತುಂಬಾ ಸವೆದಿದೆ. ಬಲ ಸೊಂಟದಲ್ಲಿ ಕಟ್ಟಿಕೊಂಡು ದಿನವಿಡೀ ಕಾರಿನಲ್ಲಿ ಕೂತರೆ ಸೀಟ್‌ಬೆಲ್ಟಿನ ಬಕಲ್ ಅಲ್ಲೇ ಉಜ್ಜುತ್ತೆ. ಬ್ಯಾರೆಲ್ ತುದಿಯಲ್ಲಿ ಎರಡೂ ಕಡೆ ಉಕ್ಕಿನ ನೀಲಿ ಬಣ್ಣ ಹೋಗಿ ಬೆಳ್ಳಗಾಗಿದೆ. ಸಿಲಿಂಡರಿನ ಅಂಚುಗಳೂ ಹಾಗೇ. ಚರ್ಮದ ಹೋಲ್‌ಸ್ಟರಿಗೆ ಹಾಕಿ ತೆಗೆದು, ಹಾಕಿ ತೆಗೆದು ಆಗಿರೋದು. ಬ್ಯಾರೆಲ್ ಒಳಗೆ ಬೆಳಕು ಬಿಟ್ಟು ನೋಡಿದರೆ ಮಾತ್ರ ಕನ್ನಡಿ. ಹೊತ್ತಿದ್ದು ಜಾಸ್ತಿ, ಹೊಡೆದಿದ್ದು ಕಡಿಮೆ. ಪೊಲೀಸರಿಂದ ಬಂದ ಹಳೇ ರಿವಾಲ್ವರುಗಳೆಲ್ಲ ಹೆಚ್ಚುಕಮ್ಮಿ ಹೀಗೇ.

ಆಫೀಸಿನವನೊಬ್ಬ ಪಾಲಿಶ್ ಹಾಕಿಸಿ ಹೊಸದಾಗಿ ನೀಲಿ ಬಣ್ಣ ಕೊಡಿಸು ಅಂತಾನೆ. ಪಾಲಿಶ್ ಹಾಕಿದರೆ ಅಂಚೆಲ್ಲ ದುಂಡಗಾಗಿ, ಕೆತ್ತಿದ ಅಕ್ಷರಗಳು ಮಾಸಿಹೋಗುತ್ತವೆ. ಹಿಂಬದಿಯಲ್ಲಿ ಆ ಊರಿನ ಪೊಲೀಸ್ ಇಲಾಖೆಯ ಅಕ್ಷರಗಳಿವೆ. ಯಾವ ಊರು ಅಂತ ಬರೆಯಲ್ಲ. ನಾನಂತೂ ಕೊಡಿಸಲ್ಲ.

ಹಲಗೆ ತೆಗೆದರೆ ಒಳಗೆ ತುಕ್ಕು. ಯಾರದೋ ಹತ್ತಾರು ಬೇಸಿಗೆಯ ಬೆವರು. ಎಣ್ಣೆ ಹಾಕಿ, ನಾಲ್ಕು ಸೊನ್ನೆಯ, ಅಂದ್ರೆ ತೀರಾ ನಯವಾದ ಉಕ್ಕಿನ ನಾರಿನಿಂದ ಮೆಲ್ಲಗೆ ತಿಕ್ಕಿದೆ. ಬೆಲ್ಲದ ಪಾಕದಂಥ ಕಂದು ಬಂತು, ಒರೆಸಿದೆ, ಮತ್ತೆ ಬಂತು. ಆಮೇಲೆ ಸುಮ್ನೆ ಹಲಗೆ ತಿರುಗಿಸಿದೆ. ಒಳಮೈಯಲ್ಲಿ ನಂಬರು ಒತ್ತಿದ್ದಾರೆ. ಈ ಕಂಪನಿಯವರು ಬಲಗಡೆ ಹಲಗೆಯ ಒಳಗೆ ಗನ್ನಿನ ನಂಬರನ್ನೇ ಹಾಕುತ್ತಿದ್ದರು. ನನ್ನ ಗನ್ನಿನ ನಂಬರು ‘ಡಿ’ಯಿಂದ ಶುರು, ಅಂದ್ರೆ 1968 ಅಥವಾ ಆಮೇಲಿನದು. ಹಲಗೆಯಲ್ಲೂ ಡಿ ಇದೆ. ಆದರೆ ಮುಂದಿನ ಅಂಕಿಗಳು ಬೇರೆ.

ಆಗಲೇ ಅಪ್ಪನಿಗೆ ಫೋನ್ ಮಾಡಿದ್ದು.

ಅಪ್ಪ ಬನಿಯನ್‌ನಲ್ಲಿ, ಹಿಂದೆ ಗೇಟಿಗೆ ಬಾಳೆಕಂದು. ಡಿಎಆರ್‌ನಲ್ಲಿ, ಅಂದ್ರೆ ಜಿಲ್ಲಾ ಸಶಸ್ತ್ರ ಮೀಸಲು ಪೊಲೀಸ್ ಪಡೆಯಲ್ಲಿ, ಇಪ್ಪತ್ತಾರು ವರ್ಷ ಆಯುಧ ನೋಡಿಕೊಳ್ಳುವ ಆರ್ಮರರ್ ಆಗಿದ್ದವರು, ಫೋನನ್ನು ಮೂಗಿನ ಹತ್ತಿರ ತಂದು ನೋಡಿದರು.

‘ಪಾಯಿಂಟ್ ತ್ರೀ ಎಯ್ಟಾ? ನಮ್ಮದೂ ಅದೇ ಕಣೋ.’

ಅದೇ ಅಲ್ಲ, ನಿಮ್ಮ ವೆಬ್ಲಿ ರಿವಾಲ್ವರಿನ ಗುಂಡು ಗಿಡ್ಡ, ದಪ್ಪ, ಇದರಲ್ಲಿ ಕೂರಲ್ಲ ಅಂದೆ. ಒಪ್ಪಲಿಲ್ಲ. ‘ನಮ್ಮದು ನಡು ಮುರಿದ್ರೆ ಆರೂ ಖೋಖಾ ತಾನೇ ಹೊರಗೆ ಬೀಳ್ತಿತ್ತು. ನಿಂದು?’ ಖೋಖಾ ಅಂದ್ರೆ ಹೊಡೆದ ಗುಂಡಿನ ಖಾಲಿ ಚಿಪ್ಪು. ಸಿಲಿಂಡರ್ ಪಕ್ಕಕ್ಕೆ ತಿರುಗಿಸಿ ಕಡ್ಡಿ ಒತ್ತಿ ತೋರಿಸಿದೆ. ‘ಹೂಂ’ ಅಂದರು, ಸೊಸೆ ಮಾಡಿದ ಪಾಸ್ತಾ ತಿಂದಾಗ ಅನ್ನೋ ಥರ.

‘ಸರ್ಕಾರದ ಗನ್ನು ನಿಂಗೆ ಹೆಂಗೆ ಬಂತು ಅಂತ ಇನ್ನೂ ನಂಗೆ ತಲೆಗೆ ಹೋಗಿಲ್ಲ ನೋಡು.’

‘ಹೊಸದು ತಗೊಳ್ಳುವಾಗ ಹಳೇದನ್ನ ಎಕ್ಸ್‌ಚೇಂಜ್ ಕೊಡ್ತಾರಪ್ಪ. ವ್ಯಾಪಾರಿ ಅಂಗಡಿಯಲ್ಲಿ ಇಟ್ಟು ಮಾರ್ತಾನೆ.’

‘ಮಿಕ್ಸಿ ಥರಾನಾ?’

ಮಿಕ್ಸಿ ಥರಾನೇ. ಫಾರ್ಮ್ ತುಂಬಬೇಕು, ಹಿನ್ನೆಲೆ ನೋಡುತ್ತಾರೆ, ಅಷ್ಟೇ. ಅಪ್ಪನ ಲೋಕದಲ್ಲಿ ಒಂದು ಖಾಲಿ ಖೋಖಾ ಲೆಕ್ಕಕ್ಕೆ ಕಡಿಮೆ ಬಿದ್ದರೂ ಸಂಜೆವರೆಗೆ ಎಲ್ಲರೂ ರೇಂಜಿನ ಹುಲ್ಲಲ್ಲಿ ಬಗ್ಗಿ ಹುಡುಕಬೇಕು. ನಾನು ಐವತ್ತು ಗುಂಡಿನ ಡಬ್ಬ ಕೊಂಡು ಬಿಲ್ ಎಸೆದು ಬರ್ತೀನಿ. ಇದನ್ನ ಅವರಿಗೆ ಹೇಳಿಲ್ಲ.

ಹಲಗೆ ತೋರಿಸಿದೆ. ‘ನೋಡಿ, ನಂಬರ್ ಬೇರೆ. ನಿಮ್ಮಂಥ ಯಾರೋ ಆರ್ಮರರ್ ಎಲ್ಲ ಬಿಚ್ಚಿ ಒಂದೇ ಬುಟ್ಟಿಗೆ ಹಾಕಿ, ಕೈಗೆ ಸಿಕ್ಕಿದ್ದು ಜೋಡಿಸಿದ್ದಾನೆ.’ ನಗ್ತಾ ಹೇಳಿದೆ.

ಅಪ್ಪ ನಗಲಿಲ್ಲ. ಫೋನ್ ತಗೊಂಡು ಸಂಪಿನ ಕಟ್ಟೆಗೆ ಹೋಗಿ ಕೂತರು. ಅಲ್ಲಿಗೆ ಅಮ್ಮನ ಕಿವಿ ಬೀಳಲ್ಲ.

‘ಇಂಥದ್ದೇ ಒಂದು ಹಬ್ಬ’ ಅಂದರು. ಹಾಸನಕ್ಕೆ ಬರೋದಕ್ಕೂ ಮುಂಚೆ, ಬೇರೆ ಜಿಲ್ಲೆ. ಪೂಜೆಯ ಹಿಂದಿನ ದಿನ ಬೆಲ್ ಆಫ್ ಆರ್ಮ್ಸ್, ಅಂದ್ರೆ ಆಯುಧದ ಕೋಣೆಯಿಂದ ತ್ರಿನಾಟ್‌ತ್ರಿ ರೈಫಲುಗಳನ್ನೆಲ್ಲ ಹೊರಗೆ ತಂದು, ಗುಂಡಿನ ಹಿಂದೆ ಕೂತು ಬ್ಯಾರೆಲ್ ಮುಚ್ಚುವ ಬೋಲ್ಟ್ ತೆಗೆದು, ಟಾರ್ಪಾಲಿನ ಮೇಲೆ ಸಾಲಾಗಿ ಇಟ್ಟಿದ್ದಾರೆ. ಬ್ಯಾರೆಲ್ ಒರೆಸುವ ಹಗ್ಗ ಪುಲ್‌ಥ್ರೂಗೆ ಚಿಂದಿ ಕಟ್ಟಿ ಎಳೆಯೋರು ಎಳೀತಿದ್ದಾರೆ. ಸಾಹೇಬರು ಬರ್ತಾರೆ ಅಂತ ಗಡಿಬಿಡಿ. ಪ್ರತಿ ಬೋಲ್ಟಿನ ಹಿಡಿಯ ಹಿಂದೆ ಅದರ ರೈಫಲಿನ ನಂಬರ್ ಇರುತ್ತೆ, ನೋಡಿ ಹಾಕಬೇಕು. ಎರಡು ಅದಲುಬದಲಾದವು.

‘ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ. ಅಷ್ಟರಲ್ಲಿ ಅದರಲ್ಲಿ ಒಂದು ಫೈರಿಂಗಿಗೆ ಹೋಗಿ ಬಂದಿತ್ತು.’

ಬೋಲ್ಟ್ ಮುಖಕ್ಕೂ ಗುಂಡಿಗೂ ನಡುವೆ ಎಷ್ಟು ಸಂದು ಇರಬೇಕೋ ಅಷ್ಟೇ ಇರಬೇಕು. ಅದಕ್ಕೇ ನಂಬರ್ 4 ಮಾದರಿಯ ತ್ರಿನಾಟ್‌ತ್ರಿಯ ಬೋಲ್ಟ್ ತಲೆಗೆ ಸೊನ್ನೆಯಿಂದ ಮೂರರವರೆಗೆ ಅಳತೆಗಳು. ಜಾಸ್ತಿ ಆದರೆ ಖೋಖಾ ಹರಿದು ಬಿಸಿ ಗ್ಯಾಸು ಹಿಂದಕ್ಕೆ ನುಗ್ಗಬಹುದು, ಗುರಿಯಿಟ್ಟವನ ಕಣ್ಣು ಅಲ್ಲೇ ಇರುತ್ತೆ. ಅವತ್ತು ಏನೂ ಆಗಲಿಲ್ಲ. ಅಪ್ಪ ಎರಡನ್ನೂ ಸದ್ದಿಲ್ಲದೆ ಬದಲಾಯಿಸಿ, ಸಂದು ಅಳೆಯುವ ಗೇಜ್ ಹಾಕಿ ನೋಡಿ, ಬಾಗಿಲು ಹಾಕಿದರಂತೆ. ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಯಾರಿಗೂ ಹೇಳಲಿಲ್ಲ.

‘ಅದನ್ನ ಹೊಡೆದ ಹುಡುಗ ಆಮೇಲೂ ನಾಲ್ಕು ವರ್ಷ ನನ್ನ ಜೊತೆಗೇ ಇದ್ದ. ದಿನಾ ಸಿಗ್ತಿದ್ದ. ಸಿಕ್ಕಾಗೆಲ್ಲ ಮೊದಲು ಬಲಗಣ್ಣು ನೋಡ್ತಿದ್ದೆ ಕಣೋ. ಒಂದಿನ ಅವನೇ ಕೇಳಿಬಿಟ್ಟ, ಯಾಕಣ್ಣಾ, ಕಣ್ಣಲ್ಲಿ ಏನಾದ್ರೂ ಬಿದ್ದಿದೆಯಾ ಅಂತ.’

ನನಗೆ ಏನು ಹೇಳಬೇಕು ತೋಚಲಿಲ್ಲ. ನಲವತ್ತು ದಾಟಿದ ಮಗನಿಗೆ ಅಪ್ಪ ಇಂಥದ್ದು ಹೇಳಿದರೆ ಏನು ಹೇಳ್ತಾರೆ? ‘ಏನೂ ಆಗ್ಲಿಲ್ವಲ್ಲಪ್ಪ’ ಅಂದೆ. ಪೆದ್ದು ಮಾತು. ಅವರು ಅದನ್ನು ತಮಗೆ ತಾವೇ ಎಷ್ಟು ಸಾವಿರ ಸಲ ಹೇಳಿಕೊಂಡಿದ್ದಾರೋ.

ಒಳಗಿಂದ ಅಮ್ಮ, ‘ಏನ್ರೀ, ನಿಂಬೆಹಣ್ಣು ಎಲ್ಲಿಟ್ರಿ? ಬೂದುಗುಂಬಳ ಇನ್ನೂ ಹೆಚ್ಚಿಲ್ಲ!’ ಅಪ್ಪ ಎದ್ದರು. ಮುಖ ಮತ್ತೆ ಮಾಮೂಲಾಯಿತು. ‘ಪೂಜೆಗೆ ಇಡ್ತೀಯಾ ಅದನ್ನ?’

‘ಇವಳು ಬೇಡ ಅಂತಾಳೆ. ಕಾರಿಗೆ ಮಾಡು, ಅದನ್ನ ಕಪಾಟಿನಿಂದ ಮೇಲೆ ತರಬೇಡ ಅಂದಿದ್ದಾಳೆ.’

‘ಸರಿ ಹೇಳಿದಾಳೆ. ಇಟ್ರೂ ಕುಂಕುಮ ಸಂಜೆನೇ ಒರೆಸು. ತೇವ ಎಳೀತದೆ, ಬೆಳಿಗ್ಗೆ ಹೊತ್ತಿಗೆ ತುಕ್ಕು.’

ಕಾಲ್ ಕಟ್ ಆಯಿತು.

ಹಲಗೆ ಇನ್ನೂ ಮೇಜಿನ ಮೇಲಿದೆ. ಬರೀ ಮರ, ಬದಲಾದರೆ ಯಾರ ಕಣ್ಣಿಗೂ ಏನೂ ಆಗಲ್ಲ. ಇದನ್ನಾದರೂ ಹೇಳೋಣ ಅಂತ ಮತ್ತೆ ಮಾಡಿದೆ, ಎತ್ತಲಿಲ್ಲ, ಪೂಜೆಗೆ ಕೂತಿರಬೇಕು. ಹಲಗೆಯ ನಂಬರನ್ನು ಯಾಕೋ ಚೀಟಿಯಲ್ಲಿ ಬರೆದುಕೊಂಡಿದ್ದೀನಿ. ಆ ಗನ್ನಿಗೆ ಈಗ ಯಾರ ಹಿಡಿ ಇದೆಯೋ, ನನ್ನದರ ಹಿಡಿ ಇನ್ನೆಲ್ಲಿದೆಯೋ. ಆ ಹುಡುಗ ಈಗ ಎಲ್ಲಿದ್ದಾನೆ ಅಂತ ಅಪ್ಪನ್ನ ಕೇಳಲೇ ಇಲ್ಲ, ರಿಟೈರ್ ಆಗಿರ್ತಾನೆ, ಕನ್ನಡಕ ಬಂದಿರುತ್ತೆ, ಬಂದಿದ್ದರೆ ಅಪ್ಪ ಅದನ್ನೂ…