ಐದನೇ ಜೊತೆ ಮೊರ

ಗೌರಿ ಹಬ್ಬಕ್ಕೆ ಎಂಟು ದಿನ ಇರುವಾಗಲೇ ಅಜ್ಜಿ ಸಂತೆಯಿಂದ ತರಿಸಿದ ಹೊಸ ಮೊರಗಳನ್ನು ಮುಂದಿಟ್ಟುಕೊಂಡು ಅರಿಶಿನ ಬಳಿಯಲು ಕೂರುತ್ತಿದ್ದಳು. ನೀರು ಕಮ್ಮಿ, ಅರಿಶಿನ ಜಾಸ್ತಿ. ಬಿದಿರಿನ ಸಂದಿಸಂದಿಗೂ ಹೆಬ್ಬೆರಳಿನಿಂದ ತೀಡಿ, ಜಗಲಿಯ ಬಿಸಿಲಿಗೆ ಒರಗಿಸಿಡುವಳು. ಹಬ್ಬ ಕಳೆದು ಎಷ್ಟು ದಿನವಾದರೂ ಅವಳ ಉಗುರಿನ ಹಳದಿ ಹೋಗುತ್ತಿರಲಿಲ್ಲ. ನಮ್ಮ ಪಾಲಿಗೆ ಬಂದ ಮೊರದಲ್ಲೇ ವರ್ಷವಿಡೀ ಅಕ್ಕಿ ಕೇರುತ್ತಿದ್ದಳು.

ಒಟ್ಟು ಐದು ಜೊತೆ. ಒಂದರ ಮೇಲೊಂದು ಕವುಚಿದರೆ ಒಂದು ಜೊತೆ. ಒಳಗೆ ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ರವೆ, ಬೆಲ್ಲದಚ್ಚು, ತೆಂಗಿನಕಾಯಿ, ರವಿಕೆ ಕಣ, ಬಳೆ, ಬಿಚ್ಚೋಲೆ, ಕರಿಮಣಿ, ಬಾಚಣಿಗೆ, ಅಂಗೈಯಷ್ಟೂ ಇಲ್ಲದ ಒಂದು ಕನ್ನಡಿ. ಜೋಡಿಸುವುದೆಲ್ಲ ಅಜ್ಜಿಯೇ. ಬಾಗಿನ ಕೊಡುವ ಹೊತ್ತಿಗೆ ಮಾತ್ರ ಅಡುಗೆಮನೆ ಸೇರಿಬಿಡುವಳು. ತಾತ ಹೋಗಿ ಆಗಲೇ ಎಷ್ಟೋ ವರ್ಷವಾಗಿತ್ತು, ಬಾಗಿನ ಮುತ್ತೈದೆಯರದು. ಹದಿನಾರು ಗಂಟಿನ ದಾರಕ್ಕೆ ಗಂಟು ಎಣಿಸಿ ಹಾಕುವವಳು ಅವಳು, ಕೈಗೆ ಕಟ್ಟಿಸಿಕೊಳ್ಳುವವರು ಅಮ್ಮ, ಚಿಕ್ಕಮ್ಮ.

ಭಾದ್ರಪದದ ತದಿಗೆಗೆ ಗೌರಿ ತವರಿಗೆ ಬರುತ್ತಾಳೆ, ಮರುದಿನ ಅವಳನ್ನು ಕರೆದೊಯ್ಯಲು ಮಗ ಗಣಪ ಬರುತ್ತಾನೆ. ಈ ಹಬ್ಬದ ಜೀವ ಇರುವುದೇ ಅಲ್ಲಿ. ಮಗಳು ಮನೆಗೆ ಬಂದಾಗ ಹಿರಿಯಳೇ ಒಳಗೆ ಮರೆಯಾಗಬೇಕು ಎನ್ನುವ ಕಟ್ಟಳೆ ನನಗೆ ಆಗಲೂ ಒಪ್ಪಿಗೆಯಾಗಲಿಲ್ಲ, ಈಗಲೂ ಇಲ್ಲ. ಕೇಳಿದರೆ ಅಜ್ಜಿ, "ಒಬ್ಬಟ್ಟು ಸೀದೋಗತ್ತೆ, ಹೋಗೇ ಅತ್ಲಾಗೆ" ಎನ್ನುತ್ತಿದ್ದಳು.

ಐದನೇ ಜೊತೆ ಅತ್ತೆಯದು, ಅಂದರೆ ಅಪ್ಪನ ತಂಗಿಯದು. ಪ್ರತಿ ವರ್ಷ ಬಂದು ಒಯ್ಯುತ್ತಿದ್ದರು. 2005ರಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕಾನೂನು ತಿದ್ದುಪಡಿಯಾಯಿತಲ್ಲ, ಅದಾದ ಮೇಲೆ ಅತ್ತೆ ಗದ್ದೆಯಲ್ಲಿ ಪಾಲು ಕೇಳಿದರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಪ್ಪ ಸಿಟ್ಟಾದರು. ಅತ್ತೆ ಬರುವುದು ನಿಂತಿತು, ಫೋನೂ ನಿಂತಿತು.

ಮುಂದಿನ ಹಬ್ಬಕ್ಕೂ ಅಜ್ಜಿ ಐದೇ ಜೊತೆ ಜೋಡಿಸಿದಳು. ಅಪ್ಪನನ್ನು ಕರೆದು ಹಬ್ಬದ ದುಡ್ಡು ಕಳಿಸು ಅಂದಳು. ನಮ್ಮ ಕಡೆ ಅರಿಶಿನ ಕುಂಕುಮಕ್ಕೆಂದು ತವರಿನಿಂದ ಹೆಣ್ಣುಮಕ್ಕಳಿಗೆ ದುಡ್ಡು ಹೋಗಲೇಬೇಕು; ನಮ್ಮ ಮನೆಯಿಂದ ಆಗ ಹೋಗುತ್ತಿದ್ದದ್ದು ನೂರೊಂದು ರೂಪಾಯಿ.

"ಅವಳು ತಗೊಳ್ಳಲ್ಲಮ್ಮ."

"ತಗೊಳ್ಳೋದು ಬಿಡೋದು ಅವಳಿಷ್ಟ. ಕಳಿಸದೆ ಇರೋಕೆ ನೀನ್ಯಾರೋ?"

ಮನಿಯಾರ್ಡರ್ ವಾಪಸ್ ಬಂತು. ಮರುವರ್ಷವೂ ಬಂತು. ಎರಡೂ ಸಲ ಐದನೇ ಜೊತೆ ದೇವರ ಮನೆಯ ಮೂಲೆಯಲ್ಲಿ ದೀಪಾವಳಿಯವರೆಗೆ ಹಾಗೇ ಕೂತಿತ್ತು. ಮೂರನೇ ವರ್ಷ ದುಡ್ಡು ಬರಲಿಲ್ಲ. ಅತ್ತೆಯ ಸಹಿ ಇದ್ದ ರಸೀದಿ ಬಂತು. ಅಜ್ಜಿಗೆ ಓದು ಬಾರದು. ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದು ಅವಳೇ ಬರೆದಿದ್ದಾ?" ಎಂದು ಎರಡೆರಡು ಸಲ ಕೇಳಿದಳು. ಆಮೇಲೆ ನಾಲ್ಕಾಗಿ ಮಡಚಿ ಗೌರಿಯ ಮುಂದಿದ್ದ ಕುಂಕುಮದ ಭರಣಿಯ ಕೆಳಗಿಟ್ಟಳು.

ಅದೇ ವರ್ಷ ಮಾಡಾಳಿಗೆ ಹೋಗಬೇಕೆಂದು ಹಠ ಹಿಡಿದಳು. ಅರಸೀಕೆರೆ ತಾಲ್ಲೂಕಿನ ಆ ಊರಿನ ಸ್ವರ್ಣಗೌರಮ್ಮನಿಗೆ ಕರ್ಪೂರ ಉರಿಸುವ ಹರಕೆ ಹೊತ್ತು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಆ ನೂಕುನುಗ್ಗಲಿನಲ್ಲಿ ಅಜ್ಜಿಯ ಹಣೆ ನೋಡುವವರು ಯಾರೂ ಇರಲಿಲ್ಲ. ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತ ನಿಂತೇ ಇದ್ದಳು. ಏನು ಹರಕೆ ಎಂದು ನಾನು ಕೇಳಲಿಲ್ಲ.

ಪಾಲಿನ ವಿಷಯಕ್ಕೆ ಮಾತ್ರ ಕೊನೆಯವರೆಗೂ ಬಾಯಿ ಬಿಡಲಿಲ್ಲ. ನೂರೊಂದು ರೂಪಾಯಿಗೆ ಮಗನನ್ನು ಗದರಿದವಳು ಗದ್ದೆಗೂ ಗದರಬಹುದಿತ್ತು. ಅವಳನ್ನು ನೆನೆದು ಕೈಮುಗಿಯುವಾಗಲೂ ಇದೊಂದು ನನಗೆ ಚುಚ್ಚುತ್ತದೆ. ಅವಳು ಹೋದ ಮೇಲೆ ಅಪ್ಪನೇ ಒಂದು ತುಂಡು ಅತ್ತೆಯ ಹೆಸರಿಗೆ ಮಾಡಿಸಿದರು. ಪೂರ್ತಿ ಪಾಲಲ್ಲ.

ಹೋದ ವರ್ಷ ಮಾವ ತೀರಿಕೊಂಡರು. ಈ ಸಲ ಅಮ್ಮ ನಾಲ್ಕು ಜೊತೆಗೆ ನಿಲ್ಲಿಸಿ, "ಅವರಿಗಿನ್ನು ಕೊಡೋ ಹಾಗಿಲ್ವಲ್ಲೇ" ಎಂದು ಸೆರಗಿಗೆ ಕೈ ಒರೆಸಿಕೊಂಡರು. ನಾನು ಗಾಂಧಿ ಬಜಾರಿಗೆ ಹೋದೆ. ಹಬ್ಬದ ಹಿಂದಿನ ಸಂಜೆ, ದೊಡ್ಡ ಮೊರವೆಲ್ಲ ಖಾಲಿ. ಉಳಿದದ್ದು ತಟ್ಟೆಯಗಲದವು, ಸದ್ಯ ಬಿದಿರಿನವೇ. ರಾತ್ರಿ ಕೂತು ಅರಿಶಿನ ಬಳಿದೆ.

ಅತ್ತೆ ಬಾಗಿಲಲ್ಲಿ ಮೊರ ನೋಡಿದವರೇ ಕೈ ಹಿಂದಕ್ಕೆ ಕಟ್ಟಿಕೊಂಡರು. "ನಂಗ್ಯಾಕೇ ಇದೆಲ್ಲ ಈಗ?"

"ಅಜ್ಜಿ ಲೆಕ್ಕ ಐದು ಜೊತೆ ಅತ್ತೆ. ನಾನೇನು ಮಾಡ್ಲಿ?"

ನಾನು ಸೀರೆ ಉಟ್ಟಿರಲಿಲ್ಲ. ವೇಲನ್ನೇ ಸೆರಗಿನ ಹಾಗೆ ಮುಚ್ಚಿ ಚಾಚಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಎರಡೂ ಕೈಯಲ್ಲಿ ತೆಗೆದುಕೊಂಡರು. ಒಳಗೆ ಹೋಗಿ ಬಳೆ, ಬಿಚ್ಚೋಲೆ ಒಂದು ಕಡೆ ಎತ್ತಿಟ್ಟು, ಅಕ್ಕಿಬೇಳೆ ಡಬ್ಬಕ್ಕೆ ಸುರಿದರು. ಖಾಲಿ ಮೊರವನ್ನು ಮೂಗಿನ ಹತ್ತಿರ ಹಿಡಿದರು, ಆಮೇಲೆ ತಿರುಗಿಸಿ ತಿರುಗಿಸಿ ನೋಡಿದರು.

"ಮುಂದಿನ ವರ್ಷ ದೊಡ್ಡದು ತಾರೇ. ಇದರಲ್ಲಿ ಅಕ್ಕಿ ಕೇರೋಕಾಗತ್ತಾ?"